ಗಾಡಿಯ ಸಮತೋಲವನ್ನು ಹೊರೆಯೊಂದಿಗೆ ನೋಡಿರಿ

(ಟಿಟ್ವಾಳಾದಲ್ಲಿ ಕೂಡಿದ ಪಿಕಪ್ ಚಾಲಕರು, ಕ್ಲೀನರುಗಳು ಹಾಗೂ ಕೇಟರಿಂಗ್ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಕೆಲಸದ ನಡುವೆ ಬಿಡುವು ಮಾಡಿಕೊಂಡು ತಾವೆಲ್ಲ ಇಲ್ಲಿ ಕೂಡಿದ್ದೀರಿ. ಕಲ್ಯಾಣ, ಶಹಾಡ, ಅಂಬಿವಲಿಯಿಂದ ಲೋಕಲ್ ಹಿಡಿದು ಬಂದವರಿದ್ದಾರೆ. ಖಡವಲಿ, ವಾಸಿಂದ್ ಕಡೆಯಿಂದ ಗಾಡಿ ಸಮೇತವೇ ಬಂದವರೂ ಇದ್ದಾರೆ. ಊರು ನೋಡಿದರೆ ಒಬ್ಬರದು ಕುಂದಾಪುರ, ಒಬ್ಬರದು ಕಾರ್ಕಳ, ಮತ್ತೊಬ್ಬರದು ವಿಜಯಪುರ, ಕಲಬುರಗಿ. ಆದರೆ ಟಿಟ್ವಾಳಾದ ರಸ್ತೆಯ ಹೊಂಡ ಯಾರ ಊರನ್ನೂ ಕೇಳುವುದಿಲ್ಲ. ಅದು ಎಲ್ಲರ ಬೆನ್ನನ್ನೂ ಒಂದೇ ಸಮನೆ ಕುಲುಕಿಸುತ್ತದೆ. ಆದುದರಿಂದ ಈ ಹೊತ್ತು ನಾನು ದೊಡ್ಡ ದೊಡ್ಡ ತತ್ತ್ವಗಳನ್ನು ಹೇಳಲು ನಿಂತಿಲ್ಲ. ನೀವು ದಿನಾಲೂ ಓಡಿಸುವ ಪಿಕಪ್ ಗಾಡಿಯ ವಿಷಯವಾಗಿಯೇ ನಾಲ್ಕು ಮಾತು ಆಡಬೇಕೆಂದಿದ್ದೇನೆ.

‘ನೀನು ಹೋಟೆಲಿನವನು, ಗಾಡಿಯ ವಿಷಯ ನಿನಗೇನು ಗೊತ್ತು?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಆಮೇಲೆ ಕೇಟರಿಂಗಿನಲ್ಲಿ ಪಾತ್ರೆ ಹೊತ್ತವನು. ಆದರೆ ಆ ಪಾತ್ರೆಗಳನ್ನೆಲ್ಲ ಗಾಡಿಗೆ ಏರಿಸಿದವರು ನಾವೇ, ಹಿಂದೆ ಜನರೇಟರ್ ಟ್ರಾಲಿಯ ಹುಕ್ಕು ಸಿಕ್ಕಿಸಿದವರೂ ನಾವೇ. ರಾತ್ರಿ ಎರಡು ಗಂಟೆಗೆ ಮದುವೆ ಮಂಟಪದಿಂದ ಹಿಂದಿರುಗುವಾಗ ಚಾಲಕನ ಪಕ್ಕದಲ್ಲಿ ಕುಳಿತು, ಅವನಿಗೆ ನಿದ್ದೆ ಬಾರದಂತೆ ಮಾತಾಡಿಸಿದವನು ನಾನು. ಸಂಘದ ಕೆಲಸಕ್ಕೆ ಬಂದ ಮೇಲೆ ಗ್ಯಾರೇಜಿನ ಮಿಸ್ತ್ರಿಗಳ ಹತ್ತಿರ ಕುಳಿತು ಕೇಳಿದ್ದೇನೆ, ವಜನ್ ಕಾಟಾದ ಮೇಲೆ ಗಾಡಿ ನಿಲ್ಲಿಸಿ ನೋಡಿದ್ದೇನೆ. ಅಲ್ಲಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ.

ಒಬ್ಬ ಚಾಲಕ ಬಂಧುವಿನ ಸಂಗತಿ

ಈ ವಿಷಯ ಸಂಘದ ಬಾಗಿಲಿಗೆ ಬಂದದ್ದು ಹೇಗೆಂಬುದನ್ನು ಮೊದಲು ಹೇಳಬೇಕು. ನಮ್ಮ ಒಬ್ಬ ಚಾಲಕ ಬಂಧು ಒಂದು ಕೇಟರಿಂಗ್ ಗಾಡಿಯಲ್ಲಿ ಕೆಲಸಕ್ಕಿದ್ದ. ಹೆಸರು ಬೇಡ, ಮಾಲಿಕರ ಹೆಸರೂ ಬೇಡ. ಗಾಡಿ ಖಾಲಿ ನಿಂತಾಗ ಹಿಂಬದಿ ಸ್ವಲ್ಪ ಎತ್ತರವಾಗಿಯೂ ಮುಂಬದಿ ತಗ್ಗಾಗಿಯೂ ಕಾಣುತ್ತಿತ್ತು. ಮಾಲಿಕರಿಗೆ ಅದು ಸರಿಕಾಣಲಿಲ್ಲ. ‘ಗೂಳಿ ತಲೆ ತಗ್ಗಿಸಿದ ಹಾಗೆ ಕಾಣುತ್ತದೆ, ಸಮ ಮಾಡಿಸು’ ಎಂದು ಗ್ಯಾರೇಜಿಗೆ ಕಳುಹಿಸಿದರು. ಗ್ಯಾರೇಜಿನವರು ಮುಂದಿನ ಸ್ಪ್ರಿಂಗಿಗೆ ದಪ್ಪ ಬಿಲ್ಲೆ ಕೊಟ್ಟು ಮುಂಬದಿಯನ್ನು ಎರಡು ಇಂಚು ಎತ್ತಿದರು. ಗಾಡಿ ಅಂಗಳದಲ್ಲಿ ನಿಂತಾಗ ಮಟ್ಟಗೋಲು ಇಟ್ಟಂತೆ ಸಮವಾಗಿ ಕಂಡಿತು. ಎಲ್ಲರೂ ಮೆಚ್ಚಿದರು.

ಅದೇ ಗಾಡಿಗೆ ಪಾತ್ರೆ ಏರಿಸಿ, ಹಿಂದೆ ಎರಡು ಚಕ್ರದ ಜನರೇಟರ್ ಟ್ರಾಲಿ ಕಟ್ಟಿದೊಡನೆ ಹಿಂಬದಿ ಕುಸಿಯಿತು, ಮೂತಿ ಮೇಲಾಯಿತು. ಸ್ಟೀಯರಿಂಗ್ ಕೈಗೆ ಹಗುರವಾಯಿತು. ಎದುರಿನಿಂದ ಬರುವ ಮೋಟಾರ್ ಸೈಕಲ್ಲಿನವರು ಕಣ್ಣಿಗೆ ಬೆಳಕು ಹೊಡೆಯಿತೆಂದು ಬೈಯತೊಡಗಿದರು. ಎರಡು ಸಲ ಓಡಿಸಿದ ಮೇಲೆ ನಮ್ಮ ಬಂಧು, ‘ಇದನ್ನು ಸರಿಪಡಿಸದೆ ಕಸಾರಾ ಘಾಟಿಗೆ ನಾನು ಒಯ್ಯಲಾರೆ’ ಎಂದ. ‘ನೀನಿಲ್ಲದಿದ್ದರೆ ಇನ್ನೊಬ್ಬ’ ಎಂಬ ಉತ್ತರ ಬಂತು. 11 ದಿನ ಅವನು ಮನೆಯಲ್ಲಿ ಕುಳಿತ.

ನಾವು ನಾಲ್ವರು ಹೋಗಿ ಮಾಲಿಕರೊಂದಿಗೆ ಮಾತಾಡಿದೆವು. ಜಗಳವಾಡಲಿಲ್ಲ. ಗಾಡಿಯನ್ನು ಟ್ರಾಲಿ ಸಮೇತ ವಜನ್ ಕಾಟಾಕ್ಕೆ ಒಯ್ದು ತೋರಿಸಿದೆವು. ಮುಂದಿನ ಚಕ್ರಗಳ ತೂಕ ಟ್ರಾಲಿ ಕಟ್ಟಿದೊಡನೆ ಎಷ್ಟು ಇಳಿಯುತ್ತದೆಂಬುದನ್ನು ಅವರು ಕಣ್ಣಾರೆ ಕಂಡರು. ಮುಂದಿನ ಬಿಲ್ಲೆ ತೆಗೆಸಿದರು, ಹೊರೆ ಇಡುವ ಕ್ರಮ ಬದಲಾಯಿತು, ಚಾಲಕ ಕೆಲಸಕ್ಕೆ ಮರಳಿದ. ಆದರೆ ಆ 11 ದಿನದ ಸಂಬಳ ಈ ಹೊತ್ತಿನವರೆಗೂ ಬಂದಿಲ್ಲ. ಸರಿಯಾದ ಮಾತು ಹೇಳಿದವನೇ ನಷ್ಟ ತಿನ್ನಬೇಕಾಯಿತು. ಆದುದರಿಂದ ಇಂಥ ಮಾತನ್ನು ಒಬ್ಬಂಟಿಯಾಗಿ ಅಂದಾಜಿನ ಮೇಲೆ ಹೇಳುವುದಕ್ಕಿಂತ, ಎಲ್ಲರೂ ತಿಳಿದುಕೊಂಡು ಅಳತೆ ಸಮೇತ ಹೇಳಬೇಕೆಂಬುದು ನನ್ನ ವಿಜ್ಞಾಪನೆ.

ಹಿಂಬದಿ ಎತ್ತರವಾಗಿರುವುದು ಯಾಕೆ?

ಕಂಪನಿಯಿಂದ ಹೊಸದಾಗಿ ಬಂದ ಸರಕಿನ ಪಿಕಪ್ಪನ್ನು ತಾವು ನೋಡಿದ್ದೀರಿ. ಖಾಲಿ ಇದ್ದಾಗ ಅದರ ಹಿಂಬದಿ ಸಾಮಾನ್ಯವಾಗಿ ಒಂದಿಷ್ಟು ಎತ್ತರವೇ. ಅದು ಕಾರಖಾನೆಯವರ ಅಜಾಗರೂಕತೆಯಲ್ಲ. ಗಾಡಿ ಮಾಡಿದ್ದೇ ಹೊರೆಗಾಗಿ. ಹೊರೆ ಬಿದ್ದಾಗ ಹಿಂಬದಿ ಇಳಿಯುತ್ತದೆ, ಆಗ ಗಾಡಿ ಸಮವಾಗುತ್ತದೆ. ಖಾಲಿಯಿದ್ದಾಗಲೇ ಸಮ ಮಾಡಿಬಿಟ್ಟರೆ ಹೊರೆ ಬಿದ್ದಾಗ ಇಳಿಯಲು ಇಟ್ಟಿದ್ದ ಜಾಗವನ್ನು ನಾವು ಮೊದಲೇ ಖರ್ಚು ಮಾಡಿದಂತಾಯಿತು.

ಈ ಚಾಳಿ ನಮ್ಮಲ್ಲಿ ಮಾತ್ರವಿಲ್ಲ. ಅಮೆರಿಕದಲ್ಲಿ ಫೋರ್ಡ್, ಶೆವರ್ಲೆ, ರಾಮ್ ಎಂಬ ಭಾರೀ ಪಿಕಪ್ಪುಗಳಿವೆ. ಒಂದೊಂದು ನಮ್ಮ ಪಿಕಪ್ಪಿಗಿಂತ ಎಷ್ಟೋ ದೊಡ್ಡದು. ಅಲ್ಲಿ ಮುಂಬದಿ ಎತ್ತುವುದಕ್ಕೆಂದೇ ಸಾಮಾನು ಕಟ್ಟಿ ಮಾರುತ್ತಾರೆ. ‘ಲೆವೆಲಿಂಗ್ ಕಿಟ್’ ಎಂದು ಅದರ ಹೆಸರು. ಶೋಕಿಗೆ ಹಾಕಿಸಿಕೊಂಡವರು ಆಮೇಲೆ ದೊಡ್ಡ ಟ್ರೇಲರ್ ಕಟ್ಟಿದಾಗ ಇದೇ ತೊಂದರೆ ಅನುಭವಿಸುತ್ತಾರೆ. ನಮ್ಮ ದೇಶಕ್ಕೆ 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂದ ಮೇಲೆ ಎತ್ತರದ ಪಿಕಪ್ಪಿನ ಶೋಕಿ ಇಲ್ಲಿಯೂ ಬೆಳೆದಿದೆ. ಶೋಕಿಯವರು ಏನಾದರೂ ಮಾಡಿಕೊಳ್ಳಲಿ. ಬೊಲೆರೊ ಪಿಕಪ್, ಟಾಟಾ, ಅಶೋಕ್ ಲೇಲ್ಯಾಂಡ್ ಗಾಡಿಗಳಲ್ಲಿ ಹೊಟ್ಟೆ ಹೊರೆಯುವ ನಾವು ಅದನ್ನು ನೋಡಿ ನಕಲು ಮಾಡತಕ್ಕದ್ದಲ್ಲ.

ಕೊಪ್ಪರಿಗೆಯ ಲೆಕ್ಕ

ಟ್ರಾಲಿ ಕಟ್ಟಿದಾಗ ಆಗುವುದೇನು? ಕೇಟರಿಂಗಿನವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅನ್ನದ ಕೊಪ್ಪರಿಗೆಗೆ ಬಡಿಗೆ ಸಿಕ್ಕಿಸಿ ಇಬ್ಬರು ಹೆಗಲ ಮೇಲೆ ಹೊರುತ್ತೇವೆ. ಕೊಪ್ಪರಿಗೆ ಇಬ್ಬರ ನಡುವೆ ಇದ್ದರೆ ಭಾರ ಇಬ್ಬರಿಗೂ ಹಂಚುತ್ತದೆ. ಹಿಂದಿನವನ ಕಡೆಗೆ ಸರಿದರೆ ಅವನಿಗೆ ಹೆಚ್ಚು. ಅದೇ ಕೊಪ್ಪರಿಗೆಯನ್ನು ಹಿಂದಿನವನ ಬೆನ್ನ ಹಿಂದೆ ಚಾಚಿದ ಬಡಿಗೆಯ ತುದಿಗೆ ತೂಗಿಹಾಕಿದರೆ? ಹಿಂದಿನವನ ಹೆಗಲ ಮೇಲೆ ಕೊಪ್ಪರಿಗೆಯ ಭಾರಕ್ಕಿಂತಲೂ ಹೆಚ್ಚು ಭಾರ ಬೀಳುತ್ತದೆ. ಮುಂದಿನವನ ಹೆಗಲಿನಿಂದ ಬಡಿಗೆ ಮೇಲೇಳುತ್ತದೆ. ಊರಿನಲ್ಲಿ ನೀರೆತ್ತುವ ಏತವೂ ಇದೇ ನ್ಯಾಯದ ಮೇಲೆ ನಡೆಯುವುದು.

ಗಾಡಿಯಲ್ಲಿ ಮುಂದಿನ ಚಕ್ರ ಮುಂದಿನವನು, ಹಿಂದಿನ ಚಕ್ರ ಹಿಂದಿನವನು. ಟ್ರಾಲಿಯ ಹುಕ್ಕು ಬೆನ್ನ ಹಿಂದಿನ ಬಡಿಗೆಯ ತುದಿ. ಲೆಕ್ಕಕ್ಕೆಂದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 10 ಅಡಿ ಅಂತರ, ಹಿಂದಿನ ಚಕ್ರದಿಂದ ಹುಕ್ಕಿಗೆ 4 ಅಡಿ ಅಂತರ ಇದೆಯೆನ್ನೋಣ. ಟ್ರಾಲಿಯ ಮೂತಿ ಹುಕ್ಕಿನ ಮೇಲೆ 150 ಕಿಲೋ ಭಾರ ಹೇರಿದರೆ ಮುಂದಿನ ಚಕ್ರಗಳಿಂದ 60 ಕಿಲೋ ಎದ್ದುಹೋಗುತ್ತದೆ. ಹಿಂದಿನ ಚಕ್ರಗಳ ಮೇಲೆ 150 ಅಲ್ಲ, 210 ಕಿಲೋ ಬೀಳುತ್ತದೆ. ಇದರ ಮೇಲೆ ನಾಲ್ಕು ಮಂದಿ ಹುಡುಗರು ಪಾತ್ರೆಗಳ ನಡುವೆ ಹಿಂದಿನ ಬಾಗಿಲಿಗೆ ಒರಗಿ ಕುಳಿತರೆ ಇನ್ನೂ 200 ಕಿಲೋಗೆ ಕಡಿಮೆಯಿಲ್ಲದ ಭಾರ ಅದೇ ಕಡೆ ಸೇರಿತು. ಸರಕಿನ ಗಾಡಿಯ ಹಿಂದೆ ಹುಡುಗರನ್ನು ಕೂರಿಸುವುದೇ ತಪ್ಪು. ಟ್ರಾಲಿ ಕಟ್ಟಿದ ಗಾಡಿಯಲ್ಲಿ ಕೂರಿಸುವುದು ಇನ್ನೂ ದೊಡ್ಡ ತಪ್ಪು.

ಈಗ ಬೆಳಕಿನ ಲೆಕ್ಕ ಕೇಳಿರಿ. ಇದೇ 10 ಅಡಿಯ ಗಾಡಿಯಲ್ಲಿ ಮುಂಬದಿಗಿಂತ ಹಿಂಬದಿ ಎರಡು ಇಂಚು ಕುಸಿದರೆ, 150 ಅಡಿ ದೂರದಲ್ಲಿ ದೀಪದ ಬೆಳಕು ಎರಡೂವರೆ ಅಡಿ ಮೇಲೇರುತ್ತದೆ. ಎಂದರೆ ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಎದುರಿನವನ ಮುಖದ ಮೇಲೆ ಬೀಳುತ್ತದೆ. ಅವನಿಗೂ ದಾರಿ ಕಾಣದು, ನಿಮಗೂ ಹೊಂಡ ಕಾಣದು. ಕೆಲವು ಗಾಡಿಗಳಲ್ಲಿ ದೀಪ ಇಳಿಸುವ ಗುಂಡಿ ಚಾಲಕನ ಮುಂದೆಯೇ ಇರುತ್ತದೆ. ಇದ್ದರೆ ಅದನ್ನು ಉಪಯೋಗಿಸಿರಿ. ಆದರೆ ಅದರಿಂದ ದೀಪ ಇಳಿಯುತ್ತದೆಯೇ ಹೊರತು ಮುಂದಿನ ಚಕ್ರದ ಮೇಲೆ ಭಾರ ಬರುವುದಿಲ್ಲ.

ಮುಂದಿನ ಚಕ್ರಕ್ಕೆ ಭಾರ ಕಡಿಮೆಯಾದರೆ ಸ್ಟೀಯರಿಂಗ್ ಹಿಡಿತ ಕಡಿಮೆ, ಮುಂದಿನ ಬ್ರೇಕಿನ ಹಿಡಿತವೂ ಕಡಿಮೆ. ಗಾಡಿ ನಿಲ್ಲುವುದರಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಮಳೆಗಾಲದಲ್ಲಿ ಮುರಬಾಡ ರಸ್ತೆಯ ಒದ್ದೆ ತಿರುವಿನಲ್ಲಿ ಇದರ ಅರ್ಥವೇನೆಂದು ಓಡಿಸುವವರಿಗೆ ನಾನು ಹೇಳಬೇಕಾಗಿಲ್ಲ.

ಪಾಟಾ ಸೇರಿಸಿದರೆ ಸಾಲದೇ?

‘ಹಿಂಬದಿ ಕುಸಿಯುತ್ತದೆಯೆಂದಾದರೆ ಇನ್ನೆರಡು ಪಾಟಾ ಸೇರಿಸಿದರಾಯಿತು’ ಎಂದು ಹಲವರು ಹೇಳುತ್ತಾರೆ. ಪಾಟಾ ಎಂದರೆ ಹಿಂದಿನ ಸ್ಪ್ರಿಂಗಿನ ಉಕ್ಕಿನ ಪಟ್ಟಿ. ಪಟ್ಟಿ ಸೇರಿಸಿದರೆ ಹಿಂಬದಿ ಎದ್ದು ನಿಲ್ಲುವುದು ನಿಜ. ಆದರೆ ಮೂರು ಸಂಗತಿಗಳನ್ನು ಮರೆಯಬಾರದು.

ಮೊದಲನೆಯದು: ಎತ್ತರ ಸರಿಯಾದ ಮಾತ್ರಕ್ಕೆ ಗಾಡಿಗೆ ಹೊರುವ ಶಕ್ತಿ ಹೆಚ್ಚುವುದಿಲ್ಲ. ಆಕ್ಸೆಲ್ ಅದೇ, ಟಯರ್ ಅದೇ, ಬೇರಿಂಗ್ ಅದೇ, ಬ್ರೇಕ್ ಅದೇ, ಚಾಸಿಯೂ ಅದೇ. ಗಾಳಿ ತುಂಬುವ ರಬ್ಬರ್ ಚೀಲಗಳನ್ನು ಸ್ಪ್ರಿಂಗಿನ ಜೊತೆಗೆ ಇಡುವ ಕ್ರಮವೂ ಇದೆ. ಹೊರೆಗೆ ತಕ್ಕಂತೆ ಗಾಳಿ ಏರಿಸಿ ಇಳಿಸಬಹುದಾದ್ದರಿಂದ ಖಾಲಿ ಗಾಡಿ ಕುಪ್ಪಳಿಸುವುದು ಕಡಿಮೆ. ಅದೂ ಎತ್ತರವನ್ನಷ್ಟೆ ಸರಿಮಾಡುತ್ತದೆ. ಕೊಪ್ಪರಿಗೆ ಹೊತ್ತ ಹಿಂದಿನವನ ಹೆಗಲಿಗೆ ದಪ್ಪ ಸಿಂಬಿ ಇಟ್ಟರೆ ಅವನು ನೆಟ್ಟಗೆ ನಿಂತಾನು, ಆದರೆ ಮುಂದಿನವನ ಹೆಗಲಿಗೆ ಭಾರ ಮರಳಿ ಬರುವುದಿಲ್ಲ.

ಎರಡನೆಯದು ಬ್ರೇಕಿನ ವಿಷಯ. ಇದನ್ನು ಹಲವು ಚಾಲಕರೂ ಗಮನಿಸಿರುವುದಿಲ್ಲ. ಎಷ್ಟೋ ಪಿಕಪ್ಪುಗಳಲ್ಲಿ ಹಿಂದಿನ ಆಕ್ಸೆಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಸಲಾಕೆ, ಅದರ ತುದಿಗೆ ಒಂದು ವಾಲ್ವ್ ಇರುತ್ತದೆ. ಹೊರೆ ಬಿದ್ದು ಗಾಡಿಯ ಮೈ ಇಳಿದರೆ ಸಲಾಕೆ ಸರಿದು, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಹೋಗುತ್ತದೆ. ಖಾಲಿ ಇದ್ದಾಗ ಹಿಂದಿನ ಚಕ್ರ ಕಚ್ಚಿಕೊಂಡು ಜಾರಬಾರದೆಂದು ಒತ್ತಡ ಕಡಿಮೆ ಹೋಗುತ್ತದೆ. ಈಗ ಪಾಟಾ ಸೇರಿಸಿದಿರಿ ಎನ್ನೋಣ. ಹೊರೆ ತುಂಬಿದರೂ ಗಾಡಿಯ ಮೈ ಇಳಿಯದು. ವಾಲ್ವಿಗೆ ತೂಕ ಗೊತ್ತಾಗುವುದಿಲ್ಲ, ಎತ್ತರ ಮಾತ್ರ ಗೊತ್ತು. ಅದು ‘ಗಾಡಿ ಖಾಲಿ ಇದೆ’ ಎಂದು ತಿಳಿದು ಹಿಂದಿನ ಬ್ರೇಕನ್ನು ತಡೆಹಿಡಿಯುತ್ತದೆ. ಮುಂದಿನ ಚಕ್ರವೋ ಟ್ರಾಲಿಯ ದೆಸೆಯಿಂದ ಹಗುರವಾಗಿದೆ. ಎರಡೂ ಕಡೆ ನಷ್ಟ. ಆದುದರಿಂದ ಸ್ಪ್ರಿಂಗಿಗೆ ಕೈಹಚ್ಚಿದ ಗ್ಯಾರೇಜಿನವರು ಆ ವಾಲ್ವಿನ ಸಲಾಕೆಯನ್ನು ಕಂಪನಿಯ ಪುಸ್ತಕದಂತೆ ಹೊಂದಿಸಲೇಬೇಕು. ಕೇಳಿರಿ, ಮಾಡಿಸಿರಿ, ಆಮೇಲೆ ಕೀಲಿಕೈ ತೆಗೆದುಕೊಳ್ಳಿರಿ.

ಮೂರನೆಯದು: ಪಾಟಾ ಬಿಗಿಯಾದಷ್ಟೂ ಖಾಲಿ ಗಾಡಿ ಗಟ್ಟಿಯಾಗಿ ಕುಪ್ಪಳಿಸುತ್ತದೆ. ಹೊಂಡದಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಹಾರುತ್ತದೆ. ಆ ಏಟು ಹನ್ನೆರಡು ಗಂಟೆ ಸೀಟಿನ ಮೇಲೆ ಕುಳಿತವನ ಸೊಂಟಕ್ಕೆ ಬೀಳುತ್ತದೆ. ಪಾಟಾ ಬದಲಿಸಿದ ಮೇಲೆ ಅದನ್ನು ಹಿಡಿದಿರುವ ಯೂ-ಬೋಲ್ಟುಗಳು ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಸಡಿಲವಾಗಬಹುದು. ಮರಳಿ ಬಿಗಿ ಮಾಡಿಸಬೇಕು. ಪಾಟಾದ ಕೆಳಗೆ ಕಬ್ಬಿಣದ ತುಂಡಿನ ಮೇಲೆ ತುಂಡು ಪೇರಿಸಿ ಎತ್ತರ ಮಾಡುವ ಗ್ಯಾರೇಜುಗಳಿವೆ. ಅಲ್ಲಿಗೆ ಗಾಡಿ ಒಯ್ಯಲೇಬಾರದು. ಒಂದು ತುಂಡು ಜಾರಿದರೆ ಆಕ್ಸೆಲೇ ಜಾಗ ಬಿಡುತ್ತದೆ. ಮುಂದಿನ ಆಕ್ಸೆಲಿಗಂತೂ ಇಂಥ ತುಂಡಿನ ಮಾತೇ ಬೇಡ.

ಮುಂಬದಿಯ ವಿಷಯವಾಗಿ ಇನ್ನೊಂದು ಮಾತು. ಕೆಲವು ಗಾಡಿಗಳಲ್ಲಿ ಮುಂದೆಯೂ ಪಾಟಾ, ಕೆಲವದರಲ್ಲಿ ಸುರುಳಿ ಸ್ಪ್ರಿಂಗ್, ಕೆಲವದರಲ್ಲಿ ತಿರುಚಿಕೊಳ್ಳುವ ಉಕ್ಕಿನ ಸರಳು. ಆ ಸರಳಿನ ಬೋಲ್ಟು ತಿರುಗಿಸಿದರೆ ಮುಂಬದಿ ಪುಕ್ಕಟೆಯಾಗಿ ಏಳುತ್ತದೆ. ಆದುದರಿಂದಲೇ ಎಲ್ಲರಿಗೂ ಅದರ ಮೇಲೆ ಆಸೆ. ಹಾಗೆ ತಿರುಗಿಸಿದ ಮಾತ್ರಕ್ಕೆ ಸರಳು ಬಲವಾಗುವುದಿಲ್ಲ. ಚಕ್ರ ಕೆಳಗಿಳಿಯಲು ಉಳಿದಿದ್ದ ಅವಕಾಶ ಕಡಿಮೆಯಾಗುತ್ತದೆ, ಚಕ್ರದ ಓರೆ ಬದಲಾಗುತ್ತದೆ, ಟಯರ್ ಒಂದೇ ಅಂಚಿನಲ್ಲಿ ಸವೆಯುತ್ತದೆ.

ಹಾಗಾದರೆ ಮಾಡತಕ್ಕದ್ದೇನು?

ಮೊದಲನೆಯ ಮದ್ದಿಗೆ ಒಂದು ಕಾಸೂ ಬೇಡ. ಹೊರೆ ಇಡುವ ಕ್ರಮ ಬದಲಿಸಿರಿ. ಅಕ್ಕಿ ಗೋಣಿ, ಎಣ್ಣೆ ಡಬ್ಬಿ, ಗ್ರೈಂಡರ್, ಕಬ್ಬಿಣದ ಒಲೆ ಇವೆಲ್ಲ ಕ್ಯಾಬಿನ್ನಿಗೆ ತಾಗಿಕೊಂಡು ಮುಂದೆ ಬರಲಿ. ಎಲೆ, ಥರ್ಮಾಕೋಲ್ ಪೆಟ್ಟಿಗೆ, ಖಾಲಿ ಪಾತ್ರೆ ಹಿಂದೆ ಹೋಗಲಿ. ಹಿಂದಿನ ಚಕ್ರಕ್ಕಿಂತ ಮುಂದೆ ಇಟ್ಟ ಭಾರದಲ್ಲಿ ಮುಂದಿನ ಚಕ್ರಕ್ಕೂ ಪಾಲು ಸಿಗುತ್ತದೆ. ಹಿಂದಿನ ಚಕ್ರಕ್ಕಿಂತ ಹಿಂದೆ ಇಟ್ಟ ಭಾರ ಮುಂದಿನ ಚಕ್ರದ ಪಾಲನ್ನು ಕಸಿದುಕೊಳ್ಳುತ್ತದೆ. ಏರಿಸುವ ಹುಡುಗರಿಗೆ ಇದನ್ನು ಕಲಿಸಿರಿ. ಇಳಿಸುವಾಗ ಮೊದಲು ಬೇಕಾಗುವುದು ಬಾಗಿಲ ಹತ್ತಿರ ಇರಬೇಕೆಂದು ಗ್ರೈಂಡರನ್ನು ಬಾಗಿಲಿಗೆ ತಂದಿಡುವ ಪದ್ಧತಿ ನಿಲ್ಲಬೇಕು.

ಎರಡನೆಯದು ಟ್ರಾಲಿಯನ್ನು ಅರಿಯುವುದು. ನಮ್ಮಲ್ಲಿ ಎರಡು ಬಗೆಯ ಟ್ರಾಲಿಗಳಿವೆ. ಎರಡು ಚಕ್ರದ್ದು ತನ್ನ ಮೂತಿಯ ಭಾರವನ್ನು ಹುಕ್ಕಿನ ಮೇಲೆ ಹೇರುತ್ತದೆ. ನಾಲ್ಕು ಚಕ್ರದ್ದು, ಮುಂದಿನ ಚಕ್ರಗಳು ದಂಡದೊಂದಿಗೆ ತಿರುಗುವಂಥದ್ದು, ಹುಕ್ಕಿನ ಮೇಲೆ ಭಾರ ಹೇರುವುದು ತೀರ ಕಡಿಮೆ. ಆದರೆ ಬ್ರೇಕ್ ಹೊಡೆದಾಗ ಎರಡೂ ಹಿಂದಿನಿಂದ ನೂಕುತ್ತವೆ. ತನ್ನದೇ ಬ್ರೇಕ್ ಇಲ್ಲದ ಟ್ರಾಲಿಯನ್ನು ಇಳಿಜಾರಿಗೆ ಒಯ್ಯುವಾಗ ಗೇರಿನಲ್ಲಿಯೇ ನಿಧಾನ ಮಾಡಿಕೊಂಡು ಇಳಿಯಬೇಕು. ನಾಶಿಕ ಕಡೆಯಿಂದ ಬರುವಾಗ ಇಗತಪುರಿ ದಾಟಿ ಕಸಾರಾ ಘಾಟಿ ಇಳಿಯುವವರು ಇದನ್ನು ಚೆನ್ನಾಗಿ ಬಲ್ಲರು.

ಎರಡು ಚಕ್ರದ ಟ್ರಾಲಿಯ ಮೂತಿಯ ಭಾರವನ್ನು ಪೂರಾ ಇಲ್ಲದಂತೆ ಮಾಡಲೂಬಾರದು. ಹುಕ್ಕಿಗೆ ಭಾರ ಬೀಳುತ್ತದೆಂದು ಡೀಸೆಲ್ ಕ್ಯಾನು, ಕೇಬಲ್ ಸುರುಳಿ ಎಲ್ಲವನ್ನೂ ಟ್ರಾಲಿಯ ಬಾಲಕ್ಕೆ ಹಾಕಿದರೆ ಅದು ವೇಗದಲ್ಲಿ ಹಾವಿನಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಅಮೆರಿಕದಲ್ಲಿ ಇಂಥ ಟ್ರೇಲರ್ ಎಳೆಯುವವರು ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಹುಕ್ಕಿನ ಮೇಲಿರಬೇಕೆಂದು ಇಟ್ಟುಕೊಂಡಿದ್ದಾರೆ. 1,000 ಕಿಲೋ ಟ್ರಾಲಿಗೆ 100ರಿಂದ 150 ಕಿಲೋ ಆಯಿತು. ನಿಮ್ಮ ಗಾಡಿಯ ಹುಕ್ಕು ಅಷ್ಟನ್ನು ತಡೆಯುತ್ತದೆಯೇ, ಕಂಪನಿ ಎಷ್ಟು ಎಳೆಯಲು ಒಪ್ಪಿದೆ ಎಂಬುದನ್ನು ಗಾಡಿಯ ಪುಸ್ತಕದಲ್ಲಿ ನೋಡಬೇಕು. ಗಾಡಿ ಎಳೆಯುವುದಕ್ಕೆಂದು ಮಾಡಿದ್ದೇ ಅಲ್ಲವಾದರೆ ಅದಕ್ಕೆ ಟ್ರಾಲಿ ಕಟ್ಟತಕ್ಕದ್ದಲ್ಲ.

ಮೂರನೆಯದು ಹುಕ್ಕಿನ ಎತ್ತರ. ಟ್ರಾಲಿ ಕಟ್ಟಿದಾಗ ಟ್ರಾಲಿಯೂ ನೆಲಕ್ಕೆ ಸಮನಾಗಿ ನಿಲ್ಲಬೇಕು. ಗಾಡಿಯ ಹಿಂಬದಿ ಎತ್ತಿಸಿದರೆ ಹುಕ್ಕೂ ಮೇಲೆ ಹೋಗುತ್ತದೆ. ಟ್ರಾಲಿಯ ಮೂತಿ ಮೇಲಾಗಿ ಭಾರ ಹಿಂದಕ್ಕೆ ಸರಿಯುತ್ತದೆ, ಅದೇ ಹೊಯ್ದಾಟ ಶುರುವಾಗುತ್ತದೆ. ಆಗ ಹುಕ್ಕನ್ನು ತಕ್ಕಷ್ಟು ತಗ್ಗಿನಲ್ಲಿ ಕೂರಿಸಬೇಕಾಗುತ್ತದೆ. ಎಂದರೆ, ಸ್ಪ್ರಿಂಗ್ ಬೇರೆ ಹುಕ್ಕು ಬೇರೆ ಎಂದು ತಿಳಿಯಬೇಡಿರಿ. ಒಂದನ್ನು ಮುಟ್ಟಿದರೆ ಇನ್ನೊಂದನ್ನು ಅಳೆದು ನೋಡಬೇಕು.

ಕಳೆದುಕೊಂಡ ಭಾರವನ್ನು ಮುಂದಿನ ಚಕ್ರಕ್ಕೆ ನಿಜವಾಗಿ ಮರಳಿಸುವ ಒಂದು ಹುಕ್ಕೂ ಉಂಟು. ಟ್ರಾಲಿಯ ದಂಡಕ್ಕೂ ಗಾಡಿಯ ಚಾಸಿಗೂ ನಡುವೆ ಎರಡು ಉಕ್ಕಿನ ಸರಳುಗಳನ್ನು ಬಿಗಿದು, ಭಾರವನ್ನು ಮುಂದಿನ ಚಕ್ರಕ್ಕೂ ಟ್ರಾಲಿಯ ಚಕ್ರಕ್ಕೂ ಹಂಚುವ ಯುಕ್ತಿ. ಅಮೆರಿಕದಲ್ಲಿ ಅದು ಸಾಮಾನ್ಯ, ನಮ್ಮಲ್ಲಿ ಅಪರೂಪ. ಎಲ್ಲ ಗಾಡಿಗೂ ಎಲ್ಲ ಟ್ರಾಲಿಗೂ ಅದು ಹೊಂದುವುದಿಲ್ಲ. ಯಾವುದೋ ಕಬ್ಬಿಣದ ಅಂಗಡಿಯಲ್ಲಿ ನೋಡಿದಂತೆ ಮಾಡಿಸಿಕೊಳ್ಳುವ ಸಾಹಸ ಬೇಡ.

ಟೇಪು ಹಿಡಿಯಿರಿ, ಕಾಟಾಕ್ಕೆ ಹೋಗಿರಿ

ಅಂದಾಜಿನ ಮಾತಿಗೆ ಮಾಲಿಕರು ಕಿವಿಗೊಡುವುದಿಲ್ಲ, ಅಂಕಿಗೆ ಕಿವಿಗೊಡುತ್ತಾರೆ. ಆದುದರಿಂದ ಒಂದು ಟೇಪು ಕೈಯಲ್ಲಿರಲಿ. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿರಿ. ಟಯರುಗಳ ಗಾಳಿ ಸರಿಯಾಗಿದೆಯೇ ನೋಡಿರಿ. ನಾಲ್ಕೂ ಚಕ್ರಗಳ ಮೇಲಿನ ಮಡಗಾರ್ಡಿನ ಅಂಚಿನಿಂದ ನೆಲಕ್ಕೆ ಎಷ್ಟು ಎತ್ತರವೆಂದು ಮೂರು ಸಲ ಅಳೆದು ಬರೆಯಿರಿ. ಮೊದಲು ಗಾಡಿ ಖಾಲಿ ಇದ್ದಾಗ, ಆಮೇಲೆ ಹೊರೆ ತುಂಬಿದಾಗ, ಕೊನೆಗೆ ಹೊರೆಯೊಂದಿಗೆ ಟ್ರಾಲಿ ಕಟ್ಟಿದಾಗ. ಮೂರನೆಯ ಅಳತೆಯಲ್ಲಿ ಗಾಡಿ ಸಮವಾಗಿಯೋ ಹಿಂಬದಿ ತುಸು ಎತ್ತರವಾಗಿಯೋ ಇರಬೇಕು. ಮೊದಲನೆಯ ಅಳತೆಯಲ್ಲಿ ಹೇಗೆ ಕಂಡರೂ ಚಿಂತೆಯಿಲ್ಲ. ಮುಂಬದಿ ಎರಡನೆಯ ಅಳತೆಗಿಂತ ಮೂರನೆಯದರಲ್ಲಿ ಬಹಳ ಎದ್ದಿದ್ದರೆ ಹುಕ್ಕಿನ ಮೇಲಿನ ಭಾರ ಅತಿಯಾಯಿತೆಂದೇ ಅರ್ಥ.

ಆಮೇಲೆ ವಜನ್ ಕಾಟಾ. ಪೂರಾ ಗಾಡಿಯ ತೂಕ ಒಂದೇ ಸಾಲದು. ಮುಂದಿನ ಚಕ್ರಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ಒಂದು ಚೀಟಿ, ಹಿಂದಿನವನ್ನು ಮಾತ್ರ ನಿಲ್ಲಿಸಿ ಇನ್ನೊಂದು ಚೀಟಿ ಮಾಡಿಸಿರಿ. ಟ್ರಾಲಿ ಕಟ್ಟಿದಾಗ ಒಮ್ಮೆ, ಬಿಚ್ಚಿದಾಗ ಒಮ್ಮೆ. ಆ ಅಂಕಿಗಳನ್ನು ಆರ್.ಸಿ. ಪುಸ್ತಕದಲ್ಲಿ ಬರೆದ ತೂಕದೊಂದಿಗೆ ಹೋಲಿಸಿರಿ. ಟ್ರಾಲಿಗೂ ಬೇರೆ ನೋಂದಣಿ ಬೇಕು. ಅದರ ಕಾಗದವೂ ಗಾಡಿಯಲ್ಲಿರಬೇಕು.

ಕಾಯಿದೆ ಯಾರನ್ನು ಹಿಡಿಯುತ್ತದೆ?

ಬಂಧುಗಳೇ, ಇದು ಕೇವಲ ಮಿಸ್ತ್ರಿಯ ವಿಷಯವಾಗಿದ್ದರೆ ಸಂಘದ ಸಭೆಯಲ್ಲಿ ಇಷ್ಟು ಹೊತ್ತು ಮಾತಾಡುತ್ತಿರಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಕಂಪನಿಯವರು ಮೊದಲು ಗೊತ್ತುಪಡಿಸಿದ ವಿವರಗಳಿಗೆ ನೋಂದಣಿ ಪುಸ್ತಕದ ವಿವರಗಳು ವಿರುದ್ಧವಾಗುವ ಹಾಗೆ ಮಾಲಿಕರು ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಂಡಿತವಾಗಿ ಹೇಳಿತು. ಅದೇ ವರುಷ ಮಾಡಿದ ತಿದ್ದುಪಡಿಯಲ್ಲಿ ಅಂಥ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದು ಬಂತು. ಇದು ಮಾಲಿಕರ ಮೇಲಿನ ಹೊಣೆ. ಆದುದರಿಂದ ಸ್ಪ್ರಿಂಗಿಗೆ ಕೈಹಚ್ಚುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಮಾಲಿಕರಿಗೇ ಲೇಸು.

ಆದರೆ ಹೆಚ್ಚು ತೂಕದ ವಿಷಯಕ್ಕೆ ಬಂದಾಗ ಕಾಯಿದೆಯ ಮಾತು ಬೇರೆ. 194ನೆಯ ಕಲಮು ‘ಓಡಿಸುವವನು ಅಥವಾ ಓಡಿಸಗೊಡುವವನು’ ಎಂದು ಇಬ್ಬರನ್ನೂ ಹೇಳುತ್ತದೆ. 20,000 ರೂಪಾಯಿ ದಂಡ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ. ಪಾಟಾ ಸೇರಿಸಿ ಗಾಡಿ ನೆಟ್ಟಗೆ ನಿಂತಿತೆಂದು ಇನ್ನೂ ಎಂಟು ಗೋಣಿ ಏರಿಸಿದರೆ, ರಸ್ತೆಯಲ್ಲಿ ತಡೆದಾಗ ಎದುರಿಗೆ ಸಿಕ್ಕುವವನು ಸ್ಟೀಯರಿಂಗ್ ಹಿಡಿದವನೇ. ಗ್ಯಾರೇಜಿನವರು ಅಲ್ಲಿರುವುದಿಲ್ಲ, ಮಾಲಿಕರ ಫೋನು ಹತ್ತುವುದಿಲ್ಲ. ಅಪಘಾತವಾದರೆ ಮೊದಲು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರುವವನೂ ಅವನೇ. ಪರವಾನೆ ಹೋದರೆ ಊರಿನಲ್ಲಿ ಒಲೆ ಉರಿಯದು.

ಮಾಲಿಕರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಮ್ಮವರೇ ಆದ ಸಣ್ಣ ಮಾಲಿಕರು ಹಲವರಿದ್ದಾರೆ. ಸಾಲ ಮಾಡಿ ಒಂದು ಗಾಡಿ ಕೊಂಡು, ಅದರ ಕಂತು ಕಟ್ಟಲು ಹೆಣಗುತ್ತಿದ್ದಾರೆ. ಎರಡನೆಯ ಗಾಡಿ ಬೇಕಾಗಬಾರದೆಂದು ಒಂದಕ್ಕೇ ಎಲ್ಲ ಹೇರುತ್ತಾರೆ. ಅವರ ಕಷ್ಟ ನಮಗೆ ತಿಳಿಯದ್ದಲ್ಲ. ಆದರೆ ಗಾಡಿ ಮಗುಚಿದರೆ ಕಂತೂ ನಿಲ್ಲುವುದಿಲ್ಲ, ಪ್ರಾಣವೂ ಮರಳುವುದಿಲ್ಲ. ಇದನ್ನು ಸಮಾಧಾನದಿಂದ, ಚೀಟಿ ಮುಂದಿಟ್ಟುಕೊಂಡು ಹೇಳಿದರೆ ಕೇಳುವವರು ಬಹಳ ಮಂದಿ ಇದ್ದಾರೆಂಬುದು ನಮ್ಮ ಅನುಭವ.

ಅಂಗಾರಕಿ ಚತುರ್ಥಿ ಬಂದಾಗ ಟಿಟ್ವಾಳಾದ ಮಹಾಗಣಪತಿ ದೇವಸ್ಥಾನದ ದಾರಿಯಲ್ಲಿ ಜನ ಕಿಕ್ಕಿರಿಯುತ್ತದೆ. ನಮ್ಮ ಗಾಡಿಗಳೂ ಟ್ರಾಲಿ ಎಳೆದುಕೊಂಡು ಅದೇ ಜನದ ನಡುವೆ ಹೋಗಬೇಕು. ಮುಂದಿನ ಚಕ್ರ ಹಗುರವಾದ ಗಾಡಿಯ ಎದುರಿಗೆ ಆ ದಿನ ತಾಯಂದಿರು, ಮಕ್ಕಳು ಇರುತ್ತಾರೆಂಬುದನ್ನು ನೆನೆಯಿರಿ.

ಕೊನೆಯದಾಗಿ ಮೂರು ಸೂಚನೆಗಳನ್ನು ತಮ್ಮ ಮುಂದಿಡುತ್ತೇನೆ. ಒಪ್ಪಿಗೆಯಾದರೆ ಈ ಸಭೆಯಲ್ಲಿಯೇ ಠರಾವು ಮಾಡೋಣ. ಒಂದು: ಪ್ರತಿ ಗಾಡಿಯಲ್ಲೂ ಒಂದು ವಹಿ ಇರಲಿ. ಎತ್ತರದ ಮೂರು ಅಳತೆ, ಕಾಟಾದ ಚೀಟಿ, ಸ್ಪ್ರಿಂಗಿನ ಕೆಲಸ ಮಾಡಿಸಿದ ದಿನ ಅದರಲ್ಲಿ ಬರೆದಿರಲಿ. ಎರಡು: ಸ್ಪ್ರಿಂಗ್ ಅಥವಾ ಹುಕ್ಕು ಬದಲಿಸುವ ಮೊದಲು ಮಾಲಿಕರು ಚಾಲಕನನ್ನು ಕೇಳಲಿ, ಬದಲಿಸಿದ ಮೇಲೆ ಹೊರೆ ಮತ್ತು ಟ್ರಾಲಿ ಸಮೇತ ಓಡಿಸಿ ನೋಡಲಿ. ಮೂರು: ಗಾಡಿ ಸರಿಯಿಲ್ಲವೆಂದು ಅಳತೆ ತೋರಿಸಿ ಓಡಿಸಲೊಪ್ಪದ ಚಾಲಕನ ಸಂಬಳ ಕಡಿಯಕೂಡದು. ನಮ್ಮ ಆ ಬಂಧುವಿನ 11 ದಿನದ ಸಂಬಳದಿಂದಲೇ ಈ ಮೂರನೆಯ ಮಾತು ಆರಂಭವಾಗಲಿ. ಮುಂದಿನ ವಾರ ಆ ಮಾಲಿಕರನ್ನು ಮತ್ತೆ ಕಾಣಲು ನಾವು ಹೋಗುತ್ತೇವೆ. ನಮ್ಮೊಂದಿಗೆ ಬರುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಬೇಕು.

ಅಂಗಳದಲ್ಲಿ ನಿಂತ ಖಾಲಿ ಗಾಡಿಯ ಅಂದವನ್ನು ನೋಡಿ ಯಾರೂ ಮರುಳಾಗಬೇಡಿರಿ. ಗಾಡಿಗೂ ಅದನ್ನು ಓಡಿಸುವವನಿಗೂ ಕೆಲಸವಿರುವುದು ಹೊರೆ ಹೊತ್ತಾಗ. ಸಮತೋಲವನ್ನು ನೋಡತಕ್ಕದ್ದೂ ಆಗಲೇ.